ಕಾರ್ತಿಕದ ಪರಿಷೆ, ನಮ್ಮ ಕೆಂಪು ಹೊಲದ ಕಾಯಿ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯನ್ನು ಕಣ್ಣಾರೆ ಕಾಣದವರು ನಮ್ಮ ಗಡಿನಾಡಿನಲ್ಲಿ ಅನೇಕರಿರಬಹುದು. ಆದರೆ ಆ ಪರಿಷೆಗೂ ತಮಗೂ ನಂಟಿಲ್ಲವೆಂದು ಹಿಂದೂಪುರದ ವರ್ತಕನಾಗಲಿ, ಕಲ್ಯಾಣದುರ್ಗದ ರೈತನಾಗಲಿ ಹೇಳುವಂತಿಲ್ಲ. ಅಲ್ಲಿ ಬೀದಿಯ ಇಕ್ಕೆಲಗಳಲ್ಲಿ ರಾಶಿ ಬೀಳುವ ಕಾಯಿ ಬೆಂಗಳೂರಿನ ಮಣ್ಣಿನಲ್ಲಿ ಬೆಳೆದುದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಗಳಿಂದ, ತಮಿಳುನಾಡಿನಿಂದ, ನಮ್ಮ ಅನಂತಪುರ ಹಾಗೂ ಚಿತ್ತೂರು ಕಡೆಯ ಕೆಂಪು ಹೊಲಗಳಿಂದ ಅದು ಬರುತ್ತದೆ. ನಗರ ಹಬ್ಬ ಮಾಡುತ್ತದೆ. ಹಬ್ಬದ ಸಾಮಗ್ರಿ ಹಳ್ಳಿಯದು. ಈ ಮಾತನ್ನು ನಗರ ಮರೆತರೆ ಆಶ್ಚರ್ಯವಿಲ್ಲ. ಬೆಳೆದ ನಾವು ಮರೆಯಬಾರದು.

ಪರಿಷೆಯ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನಗಳಿಗೆ ದಾರಿಯಿಲ್ಲ. ಸೋಮವಾರಕ್ಕೆ ಎರಡು ಮೂರು ದಿನ ಮೊದಲೇ ಮೂಟೆಗಳು ಬಂದಿಳಿಯುತ್ತವೆ. ಹಸಿ ಕಾಯಿ, ಒಣಗಿದ ಕಾಯಿ, ಹುರಿದದ್ದು, ಬೇಯಿಸಿದ್ದು. ಎರಡು ಬೀಜದ್ದು, ಮೂರು ಬೀಜದ್ದು. ಎಲ್ಲಕ್ಕೂ ಬೇರೆ ಬೇರೆ ರಾಶಿ, ಬೇರೆ ಬೇರೆ ಬೆಲೆ. ತಕ್ಕಡಿಯ ಪಕ್ಕದಲ್ಲೇ ಸೇರು, ಅರೆಸೇರು, ಪಾವಿನ ಅಳತೆಗಳು ಇಂದಿಗೂ ಉಳಿದಿವೆ. ಬೆಂಡು ಬತ್ತಾಸು, ಕಡಲೆಪುರಿ, ಬಳೆ, ಮಣ್ಣಿನ ಬೊಂಬೆ, ಮಕ್ಕಳ ಪೀಪಿ, ತಿರುಗುವ ತೊಟ್ಟಿಲು ಇವುಗಳ ನಡುವೆ ಜನ ಮೊದಲು ದೊಡ್ಡ ಬಸವಣ್ಣನಿಗೂ ದೊಡ್ಡ ಗಣಪತಿಗೂ ಕೈ ಮುಗಿದು, ಒಂದು ಹಿಡಿ ಕಾಯಿ ಅರ್ಪಿಸಿ, ಆಮೇಲೆ ಚೀಲ ತುಂಬಿಕೊಳ್ಳುತ್ತಾರೆ.

ಈ ಕ್ರಮಕ್ಕೆ ಒಂದು ಕಥೆಯ ಆಧಾರವಿದೆ. ಬಸವನಗುಡಿ ಹಿಂದೆ ಸುಂಕೇನಹಳ್ಳಿ. ಅಲ್ಲಿಯ ಮತ್ತು ಸುತ್ತಲಿನ ಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರಿ ಹೊತ್ತು ಬಸವನೊಂದು ಬಂದು ಮೇದುಹೋಗುತ್ತಿತ್ತಂತೆ. ಕಾದು ಕುಳಿತ ರೈತರು ದೊಣ್ಣೆಯಿಂದ ಹೊಡೆದಾಗ ಅದು ಗುಡ್ಡದ ಮೇಲೆ ಕಲ್ಲಾಗಿ ನಿಂತಿತು. ನಂದಿಯೇ ಬಂದಿದ್ದನೆಂದು ತಿಳಿದ ರೈತರು ಪಶ್ಚಾತ್ತಾಪದಿಂದ ಗುಡಿ ಕಟ್ಟಿಸಿ, ವರ್ಷದ ಮೊದಲ ಫಸಲನ್ನು ಅವನಿಗೆ ಒಪ್ಪಿಸುವ ಹರಕೆ ಹೊತ್ತರು. ಇನ್ನು ಇತಿಹಾಸ ಹೇಳುವುದು ಇಷ್ಟು: ಈ ಗುಡಿಯನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂಬುದು ಪ್ರತೀತಿ. ಕಡಲೆಕಾಯಿ ದಕ್ಷಿಣ ಅಮೆರಿಕ ಮೂಲದ ಗಿಡ. ನಮ್ಮ ಹೊಲಗಳಲ್ಲಿ ವ್ಯಾಪಕವಾಗಿ ಹಬ್ಬಿದ್ದು ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ. ಆದುದರಿಂದ ಕಥೆಯನ್ನು ಕಾಲಗಣನೆಗೆ ಒಡ್ಡುವುದು ತರವಲ್ಲ. ಬೆಳೆ ಹೊಸದಾದರೂ ಹರಕೆ ಹಳೆಯದು. ರಾಗಿಯೋ ಅವರೆಯೋ ನವಣೆಯೋ, ಮೊದಲ ಫಸಲು ದೇವರಿಗೆ ಎಂಬ ನೇಮ ಒಕ್ಕಲಿನಷ್ಟೇ ಪುರಾತನವಾದುದು. ಕಡಲೆಕಾಯಿ ಬಂದ ಮೇಲೆ ಆ ನೇಮ ಅದಕ್ಕೂ ಸಂದಿತು.

ಬಸವನಗುಡಿಯ ಬಸವಣ್ಣನನ್ನು ಕಂಡಾಗ ಹಿಂದೂಪುರದವರಿಗೆ ಲೇಪಾಕ್ಷಿ ನೆನಪಾಗದೆ ಇರದು. ಪಟ್ಟಣದಿಂದ ಸುಮಾರು ಹದಿನೈದು ಕಿಲೋಮೀಟರಿನಲ್ಲಿ ಕುಳಿತಿರುವ ನಮ್ಮ ಏಕಶಿಲಾ ಬಸವಣ್ಣ ಹದಿನೈದು ಅಡಿ ಎತ್ತರ, ಇಪ್ಪತ್ತೇಳು ಅಡಿ ಉದ್ದ. ಬೆಂಗಳೂರಿನವನು ಎತ್ತರದಲ್ಲಿ ಇವನಿಗೆ ಸಮಾನ, ಉದ್ದದಲ್ಲಿ ಕಿರಿಯ. ಎರಡೂ ವಿಜಯನಗರದ ಕಾಲದವು. ಕೆಂಪೇಗೌಡರು ವಿಜಯನಗರದ ಸಾಮಂತರು. ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ಕಟ್ಟಿಸಿದ ವಿರೂಪಣ್ಣ, ವೀರಣ್ಣ ಸೋದರರು ಅದೇ ಅಚ್ಯುತರಾಯನ ಕಾಲದ ಪೆನುಕೊಂಡೆಯ ಅಧಿಕಾರಿಗಳು. ಆ ದೇವಾಲಯದ ಗೋಡೆಗಳ ಮೇಲಿನ ಕನ್ನಡ ಶಾಸನಗಳನ್ನು ಯಾರೂ ಹೋಗಿ ನೋಡಬಹುದು. ಇಂದು ನಡುವೆ ಎಳೆದಿರುವ ಗೆರೆ ಅಂದು ಇರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗಗಳು ಇತ್ತ ಉಳಿದವು. ಆದರೆ ಫಸಲು ಮಾರುಕಟ್ಟೆಯನ್ನು ಹುಡುಕಿ ಹೋಗುವ ದಾರಿ ಬದಲಾಗಲಿಲ್ಲ.

ಪರಿಷೆ ಕಾರ್ತಿಕದಲ್ಲೇ ಏಕೆ ಎಂಬುದಕ್ಕೆ ಹೊಲವೇ ಉತ್ತರ ಹೇಳುತ್ತದೆ. ಮುಂಗಾರಿನ ಹದ ನೋಡಿ ಜೂನ್ ಕಡೆಯಲ್ಲೋ ಜುಲೈನಲ್ಲೋ ಬಿತ್ತಿದ ಬೀಜ ಒಂದು ತಿಂಗಳೊಳಗೆ ಹೂ ಬಿಡುತ್ತದೆ. ಹೂ ಮೇಲೆ, ಕಾಯಿ ಕೆಳಗೆ; ಇದು ಈ ಗಿಡದ ವಿಚಿತ್ರ. ಹೂ ಬಾಡಿದ ಮೇಲೆ ಅದರ ಬುಡದಿಂದ ಒಂದು ಎಳೆ ಇಳಿದು ಮಣ್ಣನ್ನು ಹೊಗುತ್ತದೆ. ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಆದುದರಿಂದಲೇ ಇದಕ್ಕೆ ಸಡಿಲವಾದ ಕೆಂಪು ಮರಳು ಮಣ್ಣು ಒಪ್ಪುತ್ತದೆ. ನೂರು ನೂರಹತ್ತು ದಿನಕ್ಕೆ ಗಿಡ ಕೀಳಬೇಕು. ಆಗ ಭೂಮಿ ಗಟ್ಟಿಯಾದರೆ ಕಾಯಿ ಕಳಚಿ ಮಣ್ಣಿನಲ್ಲೇ ಉಳಿಯುತ್ತದೆ; ಮಳೆ ಹಿಡಿದುಕೊಂಡರೆ ಕೆಲವು ತಳಿಗಳು ನೆಲದಲ್ಲೇ ಮೊಳೆತುಬಿಡುತ್ತವೆ. ಇಷ್ಟನ್ನೂ ದಾಟಿ ಅಕ್ಟೋಬರ್, ನವೆಂಬರ್‌ನಲ್ಲಿ ಕಿತ್ತು, ಒಣಗಿಸಿ, ಚೀಲ ಕಟ್ಟುವ ಹೊತ್ತಿಗೆ ಕಾರ್ತಿಕ ಮುಗಿಯುತ್ತ ಬಂದಿರುತ್ತದೆ. ಪಂಚಾಂಗವೂ ಒಕ್ಕಣೆಯೂ ಕೂಡಿ ಇಟ್ಟ ಮುಹೂರ್ತವಿದು. ಮುಂಗಾರು ಒಂದು ತಿಂಗಳು ಹಿಂದೆ ಬಿದ್ದ ವರ್ಷ ಪಂಚಾಂಗ ಕಾಯುವುದಿಲ್ಲ. ಪರಿಷೆ ನಡೆಯುತ್ತದೆ, ನಮ್ಮ ಕಾಯಿ ಇನ್ನೂ ಹೊಲದಲ್ಲೇ ಇರುತ್ತದೆ.

ನಮ್ಮಲ್ಲಿ ಈ ಬೆಳೆ ಅರಸನಂತೆ ಮೆರೆದ ಕಾಲವೊಂದಿತ್ತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅವಿಭಜಿತ ಅನಂತಪುರ ಜಿಲ್ಲೆಯಲ್ಲಿ ಏಳೆಂಟು ಲಕ್ಷ ಹೆಕ್ಟೇರಿನಲ್ಲಿ ಕಡಲೆಕಾಯಿ ಬಿತ್ತುತ್ತಿದ್ದರು. ದೇಶದ ಬೇರಾವ ಜಿಲ್ಲೆಯೂ ಇದಕ್ಕೆ ಸಾಟಿಯಾಗಿರಲಿಲ್ಲ. ನವಣೆ, ಸಜ್ಜೆ, ಜೋಳ, ಹುರುಳಿಗಳು ಹೊಲ ಬಿಟ್ಟುಕೊಟ್ಟವು. ಎಣ್ಣೆಕಾಳುಗಳ ಕೇಂದ್ರ ಯೋಜನೆ 1986ರಲ್ಲಿ ಆರಂಭವಾದ ಮೇಲೆ ಉತ್ತೇಜನವೂ ದೊರೆಯಿತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದಾಗ ಅಡುಗೆಮನೆಗಳಿಗೆ ಅಗ್ಗದ ಎಣ್ಣೆ ಬಂತು, ನಮ್ಮ ಕಾಯಿಗೆ ಪೈಪೋಟಿ ಬಂತು. 2000ದಲ್ಲಿ ಕಾಂಡ ಕೊಳೆಯುವ ವೈರಸ್ ರೋಗ ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕ ಬೆಳೆಯನ್ನು ಹಿಡಿಯಿತು. ಮಳೆಯನ್ನೇ ನಂಬಿದ ಹೊಲದಲ್ಲಿ ಒಂದೇ ಬೆಳೆಯನ್ನು ಮೇಲಿಂದ ಮೇಲೆ ಬಿತ್ತುವುದರ ಅಪಾಯವನ್ನು ಅನೇಕ ಮನೆಗಳು ಸಾಲದ ರೂಪದಲ್ಲಿ ಅರಿತವು. ಅನೇಕರು ಬೆಂಗಳೂರಿಗೆ ಹೋದರು, ಮೂಟೆಯ ಜೊತೆಗಲ್ಲ, ಕೂಲಿಗೆ. ಇಂದು ಬಿತ್ತನೆ ಬಹಳ ಇಳಿದಿದೆ. ಕೊಳವೆಬಾವಿ ಇದ್ದವರು ದಾಳಿಂಬೆ, ಮೂಸಂಬಿಗಳತ್ತ ತಿರುಗಿದ್ದಾರೆ. ಮಿಕ್ಕವರಲ್ಲಿ ತೊಗರಿಗೆ ಹೊರಳಿದವರೂ ಉಂಟು. 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ತಳಿಯನ್ನೇ ದಶಕಗಳ ಕಾಲ ಬಿತ್ತಿದ ನೆಲಕ್ಕೆ ಕದಿರಿಯ ಸಂಶೋಧನಾ ಕೇಂದ್ರ ಕದಿರಿ-6, ಕದಿರಿ ಲೇಪಾಕ್ಷಿ ಮುಂತಾದ ತಳಿಗಳನ್ನು ಕೊಟ್ಟಿದೆ. ಆದರೂ ಬೀಜವೊಂದೇ ಬೆಳೆಯಲ್ಲ; ಬೆಲೆಯೂ ಬೇಕು.

ಬೆಲೆಯ ಮಾತಿಗೆ ಬರೋಣ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ, ಅಂದರೆ ಕಿಲೋಗೆ ಎಪ್ಪತ್ತೆರಡು ರೂಪಾಯಿ ಚಿಲ್ಲರೆ. ಪರಿಷೆಯಲ್ಲಿ ಸೇರಿಗೆ ಏನು ಕೊಟ್ಟಿರೆಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ನಡುವಿನ ಅಂತರ ತಾನಾಗಿ ತೋರುತ್ತದೆ. ಆ ಅಂತರವೆಲ್ಲ ಲಾಭವೆಂದು ಹೇಳಲಾಗದು. ಸಾಗಣೆ, ಹುರಿಯುವ ಕೂಲಿ, ಹಗಲಿರುಳು ಬೀದಿಯಲ್ಲಿ ಕೂರುವ ಶ್ರಮ ಎಲ್ಲವೂ ಅದರಲ್ಲಿ ಸೇರಿವೆ. ಬೆಳೆದವನೇ ತಂದು ಮಾರುವುದೂ ಉಂಟು, ವ್ಯಾಪಾರಿಯ ಕೈ ದಾಟಿ ಬರುವುದೂ ಉಂಟು. ಆದರೆ ಯಾರೇ ತರಲಿ, ರಾಶಿಯಾದ ಮೇಲೆ ಕಾಯಿಗೆ ಊರಿನ ಹೆಸರು ಉಳಿಯುವುದಿಲ್ಲ.

ಹೆಸರು ಉಳಿದಿರುವ ಕಡೆ ಏನಾಗುತ್ತದೆಂಬುದಕ್ಕೆ ದೂರದ ಒಂದು ನಿದರ್ಶನವಿದೆ. ಕವಿ ಗಯಟೆ ಬಾಳಿದ ಜರ್ಮನಿಯ ವೈಮಾರ್ ಪಟ್ಟಣದಲ್ಲಿ ಪ್ರತಿ ಅಕ್ಟೋಬರ್ ತಿಂಗಳು ಈರುಳ್ಳಿಯ ಸಂತೆ ನಡೆಯುತ್ತದೆ. 1653ರ ದಾಖಲೆಯಲ್ಲೇ ಅದರ ಉಲ್ಲೇಖವಿದೆ. ಮೂರು ದಿನ ಹಳೆಯ ಬೀದಿಗಳೆಲ್ಲ ಅಂಗಡಿಗಳೇ. ಒಣಹೂಗಳನ್ನು ಸೇರಿಸಿ ಜಡೆಯಂತೆ ಹೆಣೆದ ಈರುಳ್ಳಿಯನ್ನು ಕೊಂಡು ಮನೆಯಲ್ಲಿ ತೂಗುಹಾಕುವುದು ಅಲ್ಲಿಯವರ ವಾಡಿಕೆ. ಆ ಜಡೆಯೊಡನೆ ಹೆಲ್ಡ್ರುಂಗನ್ ಎಂಬ ಸಣ್ಣ ಊರಿನ ಹೆಸರೂ ಬಾಯಿಂದ ಬಾಯಿಗೆ ಬಂದಿದೆ. ಈರುಳ್ಳಿ ಬೆಳೆದು ತರುವವರು ಆ ಊರಿನವರು ಎಂಬುದು ಕೊಳ್ಳುವವರಿಗೆ ಗೊತ್ತು. ಹಬ್ಬ ವೈಮಾರಿನದು, ಬೆಳೆ ಹೆಲ್ಡ್ರುಂಗನ್ನಿನದು. ಎರಡನ್ನೂ ಒಟ್ಟಿಗೆ ನೆನೆಯುತ್ತಾರೆ.

ಬಸವನಗುಡಿಯಲ್ಲಿ ಇದು ಅಸಾಧ್ಯವೇನಲ್ಲ. ಇದಕ್ಕೆ ಕಾಯಿದೆ ಬೇಕಿಲ್ಲ, ಅನುದಾನ ಬೇಕಿಲ್ಲ. ರಾಶಿಯ ಮುಂದೆ ಒಂದು ರಟ್ಟಿನ ಚೂರು, ಅದರ ಮೇಲೆ ಊರಿನ ಹೆಸರು, ತಳಿಯ ಹೆಸರು: ಇಷ್ಟು ಸಾಕು. ಕಲ್ಯಾಣದುರ್ಗದ ಕಾಯಿ, ಮಡಕಶಿರದ ಕಾಯಿ, ಪಾವಗಡದ ಕಾಯಿ ಎಂದು ಬರೆದಿಟ್ಟರೆ ಕೊಳ್ಳುವವನ ನಾಲಿಗೆ ಎರಡು ವರ್ಷದಲ್ಲಿ ರುಚಿಯ ಭೇದವನ್ನು ಕಲಿಯುತ್ತದೆ, ಮೂರನೆಯ ವರ್ಷ ಹೆಸರು ಹಿಡಿದು ಕೇಳುತ್ತದೆ. ಹೆಸರು ಹಿಡಿದು ಕೇಳುವ ಗಿರಾಕಿ ಇದ್ದರೆ ರೈತನ ಮಾತಿಗೆ ಮಂಡಿಯಲ್ಲೂ ತೂಕ ಬರುತ್ತದೆ. ಹುಣಸೆ, ಒಣಮೆಣಸಿನಕಾಯಿ, ರೇಷ್ಮೆಗೂಡುಗಳ ಮಾರುಕಟ್ಟೆಗೆ ಪ್ರಸಿದ್ಧವಾದ ಹಿಂದೂಪುರದ ವರ್ತಕರಿಗೆ ಈ ಗುಟ್ಟನ್ನು ಹೊಸದಾಗಿ ಹೇಳಬೇಕಾದುದಿಲ್ಲ.

ನಮ್ಮ ಪಾಲಿಗೆ ಇದರಲ್ಲಿ ಇನ್ನೊಂದು ಪ್ರಯೋಜನವೂ ಇದೆ. ಗಡಿಯಾಚೆಯ ಕನ್ನಡಿಗರೆಂದರೆ ರಾಜ್ಯೋತ್ಸವದ ವೇದಿಕೆಯಲ್ಲಿ ಒಮ್ಮೆ ನೆನೆದು ಮರೆಯುವ ಸಂಗತಿಯಾಗಿದೆ. ಪರಿಷೆಯಲ್ಲಿ ಹಾಗಲ್ಲ. ಮನೆಯಲ್ಲಿ ಕಡ್ಲೆಕಾಯಿ ಎಂದವನೇ ನೆರೆಯವನೊಡನೆ ಚೆನಕ್ಕಾಯ ಎನ್ನುತ್ತಾನೆ, ರಾಯದುರ್ಗದ ಕಡೆಯವನು ಶೇಂಗಾ ಎನ್ನುತ್ತಾನೆ. ಮೂರೂ ಒಂದೇ ಸೇರಿನಲ್ಲಿ ಅಳೆಯಲ್ಪಡುತ್ತವೆ. ನಾವು ಅಲ್ಲಿ ಅತಿಥಿಗಳಲ್ಲ, ಸರಕು ಹೊತ್ತು ತಂದ ಪಾಲುದಾರರು.

ಈ ಕಾರ್ತಿಕದಲ್ಲಿ ಹಿಂದೂಪುರದಿಂದ ರೈಲು ಹತ್ತಿ ಪರಿಷೆಗೆ ಹೋಗುವ ಓದುಗರು ಅನೇಕರಿರುತ್ತಾರೆ. ಬಸವಣ್ಣನಿಗೆ ಕೈ ಮುಗಿದ ಮೇಲೆ, ಬೆಲೆ ಕೇಳುವ ಮೊದಲು, ಯಾವ ಊರಿನ ಕಾಯಿ ಎಂದು ಒಂದು ಮಾತು ಕೇಳಿರಿ. ಮಾರುವವನಿಗೆ ಉತ್ತರ ಗೊತ್ತಿದ್ದರೆ ಅವನಲ್ಲೇ ಕೊಳ್ಳಿರಿ. ಗೊತ್ತಿಲ್ಲದಿದ್ದರೆ, ಮುಂದಿನ ವರ್ಷ ತಿಳಿದುಕೊಂಡು ಬರುವಂತೆ ಹೇಳಿ ಮುಂದಿನ ರಾಶಿಗೆ ಹೋಗಿರಿ.