ಗೋಡೆಯ ಮೇಲೆ ಒಂದು ಚುಕ್ಕೆ

ಹೋದ ತಿಂಗಳು ನಮ್ಮ ಕಲಿಕಾ ಕೇಂದ್ರಕ್ಕೆ ಒಂದು ಚಿತ್ರ ತಂದಿದ್ದೆ. ಪೇಪರಿನಲ್ಲಿ ಬಂದಿದ್ದ ಬಣ್ಣದ ಚಿತ್ರ. ಕತ್ತರಿಸಿ ರಟ್ಟಿಗೆ ಅಂಟಿಸಿದ್ದೆ. ನಡುವೆ ದುಂಡಗಿನ ಕಪ್ಪು ಬೊಟ್ಟು. ಅದರ ಸುತ್ತ, ಬಳೆಯೊಳಗೆ ಬಳೆ ಇಟ್ಟ ಹಾಗೆ, ಉಂಗುರಗಳು. ಅದರ ಹೊರಗೆ ಚೌಕ. ಚೌಕದ ಅಂಚಿಗೆ ಕೆಂಪು, ಹಳದಿ, ನೀಲಿ ಪಟ್ಟಿಗಳು. ಅಷ್ಟೇ. ಮನುಷ್ಯರಿಲ್ಲ, ಮರವಿಲ್ಲ, ದೇವರಿಲ್ಲ.

ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು. ವಯಸ್ಸಾದ ಅಮ್ಮ ಒಬ್ಬರು ರಟ್ಟನ್ನು ತಿರುಗಿಸಿ ತಿರುಗಿಸಿ, "ಇದರ ಮ್ಯಾಲಿನ ಕಡಿ ಯಾವುದ್ರೀ?" ಎಂದು ಕೇಳಿದರು. ಇನ್ನೊಬ್ಬರು, "ಇದು ಯಾತರ ಚಿತ್ರ?" ಅಂದರು. ಮೂರನೆಯವರು ಮೆಲ್ಲಗೆ ಹೇಳಿದರು: "ನಮಗ ತಿಳಿಯೂದಿಲ್ಲ ಬಿಡ್ರಿ. ಓದಿದವರಿಗೆ ತಿಳೀತದ."

ಆ ಮೂರನೆಯ ಮಾತು ನನಗೆ ಚುಚ್ಚಿತು. ಯಾಕೆಂದರೆ ಓದಿದವರೂ ಇದೇ ಪ್ರಶ್ನೆ ಕೇಳುತ್ತಾರೆ. ಬಿ.ಎ. ಮುಗಿಸಿದ ನಾನೂ ಇಂಥ ಚಿತ್ರವನ್ನು ಮೊದಲ ಸಲ ನೋಡಿದಾಗ ಇದನ್ನೇ ಕೇಳಿದ್ದೆ. ಬನ್ನಿ, ಈ ಚಿತ್ರ ಬರೆದವರು ಯಾರು, ಯಾಕೆ ಹೀಗೆ ಬರೆದರು, ನೋಡೋಣ.

ಅವರ ಹೆಸರು ಸೈಯದ್ ಹೈದರ್ ರಝಾ. ಅಕ್ಷರ ಕಲಿಯುವಾಗ 'ಝ' ಕಲಿತಿರಿ. ಕಲಿತ ಮೇಲೆ ಅದನ್ನು ಬಳಸಲು ಜಾಗವೇ ಸಿಗಲಿಲ್ಲ ಅಂತ ನಗುತ್ತಿದ್ದಿರಿ. ಇಗೋ, ಈಗ ಸಿಕ್ಕಿತು.

ರಝಾ ಹುಟ್ಟಿದ್ದು 1922ರಲ್ಲಿ. ಊರು ಬಾಬರಿಯಾ. ಇದು ಮಧ್ಯಪ್ರದೇಶದ ಮಂಡಲಾ ಜಿಲ್ಲೆಯ ಒಂದು ಸಣ್ಣ ಹಳ್ಳಿ. ತಂದೆ ಕಾಡು ಇಲಾಖೆಯ ನೌಕರರು. ಮನೆಯ ಸುತ್ತಲೂ ದಟ್ಟ ಕಾಡು. ಆಗ ಅಲ್ಲಿ ಕರೆಂಟು ಎಲ್ಲಿಯದು? ರಾತ್ರಿಯಾದರೆ ಕಗ್ಗತ್ತಲೆ. ಆ ಕತ್ತಲೆಗೆ ಹುಡುಗ ಹೆದರುತ್ತಿದ್ದ. ಗೋಂಡ ಜನರ ಕುಣಿತ ಇದ್ದ ರಾತ್ರಿ ಮಾತ್ರ ಮನಸ್ಸಿಗೆ ಧೈರ್ಯ. ಬೆಳಗಾದರೆ ಭಯ ಹೋಗುತ್ತಿತ್ತು. ಸಂತೆಯ ದಿನವಂತೂ ಬಿಸಿಲಿನಲ್ಲಿ ಸೀರೆ, ರುಮಾಲು, ಕಾಯಿಪಲ್ಲೆ ಎಲ್ಲ ಸೇರಿ ಕಣ್ತುಂಬ ಬಣ್ಣ. ಒಂದು ಕಡೆ ಕಪ್ಪು ರಾತ್ರಿ, ಇನ್ನೊಂದು ಕಡೆ ಸಂತೆಯ ಬಣ್ಣ. ಇವೆರಡನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಆ ಹುಡುಗನಿಗೆ ಶಾಲೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಕಣ್ಣು ಕಿಟಕಿಯ ಹೊರಗೆ. ಹಳ್ಳಿ ಶಾಲೆಯ ಗುರುಗಳು ಹೊಡೆಯಲಿಲ್ಲ, ಬೈಯಲಿಲ್ಲ. ಜಗಲಿಯ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟರು. "ಬೇರೆ ಏನೂ ಬೇಡ, ಇದನ್ನೇ ನೋಡುತ್ತಾ ಕೂತುಕೋ" ಎಂಬ ಅರ್ಥದಲ್ಲಿ ಹೇಳಿ ಕೂರಿಸಿದರು. ಈ ಸಂಗತಿಯನ್ನು ರಝಾ ಮುಪ್ಪಿನ ತನಕ ಮತ್ತೆ ಮತ್ತೆ ನೆನೆಯುತ್ತಿದ್ದರು.

ಚುಕ್ಕೆ ನೋಡಿದ ಕೂಡಲೇ ಹುಡುಗ ದೊಡ್ಡ ಕಲಾವಿದನಾದ ಅಂತ ತಿಳಿಯಬೇಡಿ. ಆ ಚುಕ್ಕೆ ಚಿತ್ರದೊಳಗೆ ಬರಲು ಸುಮಾರು 50 ವರ್ಷ ಹಿಡಿಯಿತು.

ರಝಾ ನಾಗಪುರದಲ್ಲಿ ಚಿತ್ರಕಲೆ ಕಲಿತರು. ಆಮೇಲೆ ಮುಂಬೈಯ ಜೆ. ಜೆ. ಕಲಾಶಾಲೆ ಸೇರಿದರು. 1947ರಲ್ಲಿ ಸೂಜಾ, ಹುಸೇನ್ ಮೊದಲಾದ ಗೆಳೆಯರ ಜೊತೆ ಸೇರಿ ಹೊಸ ಕಲಾವಿದರ ಗುಂಪು ಕಟ್ಟಿದರು. ಅದೇ ವರ್ಷ ತಾಯಿ ತೀರಿಕೊಂಡರು. ಮರುವರ್ಷ ತಂದೆ. ದೇಶ ಎರಡು ಭಾಗವಾಗಿತ್ತು. ಅಣ್ಣ ತಮ್ಮಂದಿರು, ತಂಗಿ ಪಾಕಿಸ್ತಾನಕ್ಕೆ ಹೋದರು. ರಝಾ ಹೋಗಲಿಲ್ಲ. ಇಲ್ಲೇ ಉಳಿದರು. ಗಡಿ ಗೆರೆ ಎಳೆದಾಗ ಒಂದೇ ಮನೆಯವರು ಆ ಕಡೆ ಈ ಕಡೆ ಆಗುವುದು ಏನು ಅಂತ ಗಡಿ ಊರಿನ ನಮಗೂ ಸ್ವಲ್ಪ ಗೊತ್ತು. ಆದರೆ ಅವರದು ನಮ್ಮಂತಲ್ಲ. ಬಸ್ಸು ಹತ್ತಿ ಹೋಗಿ ನೋಡಿ ಬರುವ ಗಡಿ ಅಲ್ಲ ಅದು.

1950ರಲ್ಲಿ ಅವರಿಗೆ ಫ್ರಾನ್ಸ್ ಸರಕಾರದ ವಿದ್ಯಾರ್ಥಿ ವೇತನ ಸಿಕ್ಕಿತು. ಪ್ಯಾರಿಸ್ ನಗರಕ್ಕೆ ಹೋದರು. ಅಲ್ಲೇ ನೆಲೆಸಿದರು. 1959ರಲ್ಲಿ ಅಲ್ಲಿಯ ಕಲಾವಿದೆ ಜಾನೀನ್ ಅವರನ್ನು ಮದುವೆಯಾದರು. ಮನೆ, ಚರ್ಚು, ಹಳ್ಳಿ, ಬೆಟ್ಟ ಇಂಥ ಚಿತ್ರ ಬರೆದರು. 1956ರಲ್ಲಿ ಅಲ್ಲಿನ ವಿಮರ್ಶಕರು ಕೊಡುವ ದೊಡ್ಡ ಬಹುಮಾನ ಬಂತು. ಫ್ರಾನ್ಸಿನವರಲ್ಲದ ಒಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಹೆಸರು ಬಂತು, ಹಣ ಬಂತು. ಸಮಾಧಾನ ಬರಲಿಲ್ಲ. ಕೈ ಪಳಗಿದೆ, ಆದರೆ ಇದರಲ್ಲಿ ನನ್ನದು ಯಾವುದು ಎಂಬ ಕೊರಗು ಹತ್ತಿತು. 1970ರ ನಂತರ ಭಾರತಕ್ಕೆ ಮತ್ತೆ ಮತ್ತೆ ಬಂದರು. ಅಜಂತಾ, ಎಲ್ಲೋರಾ, ಕಾಶಿ, ರಾಜಸ್ಥಾನ, ಗುಜರಾತ್ ಸುತ್ತಿದರು. 1980ರ ಸುಮಾರಿಗೆ ಅವರ ಚಿತ್ರದ ನಡುವೆ ಆ ಚುಕ್ಕೆ ಬಂದು ಕೂತಿತು. ಅದಕ್ಕೆ ಅವರು ಇಟ್ಟ ಹೆಸರು ಬಿಂದು.

ಅವರಿಗೆ ಬಿಂದು ಅಂದರೆ ಬೀಜ. ಕಾಳಿನೊಳಗೆ ಇಡೀ ಗಿಡ ಇರುವ ಹಾಗೆ ಕಪ್ಪು ಬಿಂದುವಿನೊಳಗೆ ಎಲ್ಲ ಬಣ್ಣವೂ ಇದೆ ಎಂದು ಅವರ ಎಣಿಕೆ. ಅದಕ್ಕೇ ಅವರ ಕೆಲವು ಚಿತ್ರಗಳ ಹೆಸರು ಮೊಳಕೆ ಎಂಬ ಅರ್ಥದ್ದು. ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ ಈ ಐದು ಬಣ್ಣ ಅವರಿಗೆ ಪಂಚಭೂತಗಳು. ಮೇಲ್ಮುಖದ ತ್ರಿಕೋನ ಗಂಡು, ಕೆಳಮುಖದ ತ್ರಿಕೋನ ಹೆಣ್ಣು. ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಇದು ತಿಳಿಯದಿದ್ದರೂ ಚಿತ್ರ ನೋಡಬಹುದು. ನನ್ನನ್ನು ಕೇಳಿದರೆ, ಅರ್ಥ ಆಮೇಲೆ, ಕಣ್ಣು ಮೊದಲು.

ಇಂಥ ಚಿತ್ರಕ್ಕೆ ಅಮೂರ್ತ ಚಿತ್ರ ಅನ್ನುತ್ತಾರೆ. ಮೂರ್ತಿ ಗೊತ್ತಲ್ಲ? ಆಕಾರ ಇರುವುದು ಮೂರ್ತ. ಇದು ಆನೆ, ಇದು ಮನೆ ಅಂತ ಗುರುತಿಸಲು ಬಾರದ್ದು ಅಮೂರ್ತ. ಅಲ್ಲಿ ಮಾತಾಡುವುದು ಬಣ್ಣ, ಗೆರೆ ಮತ್ತು ವಿನ್ಯಾಸ ಮಾತ್ರ. ಕೌದಿ ಹೊಲಿಯುವ ಅಮ್ಮನಿಗೆ ಕೇಳಿದೆ: "ನಿಮ್ಮ ಕೌದಿ ಯಾತರ ಚಿತ್ರ?" ಅವರು ನಕ್ಕರು. "ಯಾತರದೂ ಅಲ್ರೀ, ಕೌದಿ ಅಷ್ಟ." ಹಾಗಾದರೆ ಕೆಂಪು ತುಂಡಿನ ಪಕ್ಕ ಹಳದಿ ತುಂಡು ಯಾಕೆ ಇಟ್ಟಿರಿ? "ಕಂದು ಇಟ್ಟರ ಕೆಂಪು ಸತ್ತ ಹೋಗತದ. ಹಳದಿ ಇಟ್ಟರ ಎದ್ದ ಕಾಣತದ."

ಇದನ್ನೇ ರಝಾ ಬಟ್ಟೆಯ ಮೇಲೆ ಮಾಡಿದ್ದು. ಬಣ್ಣ ಒಂಟಿಯಾಗಿ ಇರುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಅದರ ಕಳೆ. ಕಪ್ಪಿನ ಪಕ್ಕ ಹಳದಿ ಉರಿಯುತ್ತದೆ. ಕೆಂಪು ಮುಂದೆ ಬಂದಂತೆ ಕಾಣುತ್ತದೆ, ನೀಲಿ ಹಿಂದೆ ಸರಿದಂತೆ. ಉಂಗುರದೊಳಗೆ ಉಂಗುರ ಇಟ್ಟರೆ ಕಣ್ಣು ತಾನಾಗಿ ನಡುವಿಗೆ ಹೋಗುತ್ತದೆ. ಒಂದೇ ಆಕಾರ ಮತ್ತೆ ಮತ್ತೆ ಬಂದರೆ ಭಜನೆಯ ತಾಳದ ಹಾಗೆ ಕಣ್ಣಿಗೆ ಒಂದು ಲಯ ಸಿಗುತ್ತದೆ. ಕಾಡಿನ ರಾತ್ರಿಯ ಕಪ್ಪು, ಸಂತೆಯ ಬಣ್ಣ ನೆನಪಿದೆಯಲ್ಲ? ಈಗ ರಟ್ಟಿನ ಚಿತ್ರವನ್ನು ಇನ್ನೊಮ್ಮೆ ನೋಡಿ.

ಒಂದು ಆಟ ಆಡೋಣ. ಬಿಳಿ ಹಾಳೆಯ ಮೇಲೆ ಒಂದು ರೂಪಾಯಿಯಷ್ಟು ದೊಡ್ಡದಾಗಿ ಕೆಂಪು ಬೊಟ್ಟು ಇಡಿ. ಒಳ್ಳೆಯ ಬೆಳಕಿನಲ್ಲಿ ಕೂತು, ನಿಧಾನವಾಗಿ 30 ಎಣಿಸುವ ತನಕ ಅದರ ನಡುವನ್ನೇ ನೋಡಿ. ಕಣ್ಣು ಆಚೆ ಈಚೆ ಹೋಗಬಾರದು. ಆಮೇಲೆ ಖಾಲಿ ಬಿಳಿ ಗೋಡೆ ನೋಡಿ. ತಿಳಿ ಹಸಿರು ಬೊಟ್ಟು ತೇಲುತ್ತದೆ! ಕೆಂಪು ನೋಡಿ ನೋಡಿ ಕಣ್ಣು ದಣಿಯುತ್ತದೆ. ಅದಕ್ಕೇ ಎದುರು ಬಣ್ಣ ಕಾಣಿಸುತ್ತದೆ. ನಮ್ಮ ಕೇಂದ್ರದಲ್ಲಿ ಅವತ್ತು ಬರೆಯುವ ಪಾಠ ನಡೆಯಲಿಲ್ಲ, ಎಲ್ಲರೂ ಗೋಡೆ ನೋಡುತ್ತಾ ಕೂತಿದ್ದರು. ನೋಡುವುದೂ ಒಂದು ಕೆಲಸ, ಅದಕ್ಕೂ ಹೊತ್ತು ಕೊಡಬೇಕು ಅನ್ನುವುದು ಆಗ ನನಗೂ ತಿಳಿಯಿತು.

ರಝಾ ಚಿತ್ರದಲ್ಲಿ ಅಕ್ಷರಗಳೂ ಇವೆ. 1981ರ 'ಮಾ' ಎಂಬ ಚಿತ್ರದಲ್ಲಿ ಹಿಂದಿ ಕವಿ ಅಶೋಕ್ ವಾಜಪೇಯಿ ಅವರ ಕವಿತೆಯ ಒಂದು ಸಾಲನ್ನು ದೇವನಾಗರಿಯಲ್ಲಿ ಬರೆದಿದ್ದಾರೆ. ದೂರ ಹೋದ ಮಗ ತಾಯಿಯ ಜೊತೆ ಆಡುವ ಮಾತು ಅದು. ಪ್ಯಾರಿಸ್ಸಿನಲ್ಲಿ ಕೂತು, ಅಲ್ಲಿನವರು ಓದಲಾರದ ಅಕ್ಷರದಲ್ಲಿ, ತೀರಿಹೋದ ತಾಯಿಯನ್ನು ಕರೆದದ್ದು. ಮರಾಠಿ ಬಲ್ಲ ನಮ್ಮ ಕಡೆಯವರು ಅದನ್ನು ಓದಬಲ್ಲರು.

ಇನ್ನು ನೀವು ಕೇಳಿದ ಪ್ರಶ್ನೆ: ಇದಕ್ಕೆ ರೊಕ್ಕ ಎಷ್ಟು? 1983ರಲ್ಲಿ ಬರೆದ 'ಸೌರಾಷ್ಟ್ರ' ಎಂಬ ಅವರ ಚಿತ್ರ 2010ರ ಹರಾಜಿನಲ್ಲಿ 16 ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. ಅದು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಬಟ್ಟೆ. "ಒಂದು ಗುಂಡು ಎಳೆಯಲು ನಮಗೂ ಬರತದ" ಅಂದಿರಿ. ಬರುತ್ತದೆ. ಎಳೆದವರೂ ಇದ್ದಾರೆ. 2009ರಲ್ಲಿ ದೆಹಲಿಯಲ್ಲಿ ತಮ್ಮದೇ ಚಿತ್ರಗಳ ಪ್ರದರ್ಶನ ನೋಡಲು ರಝಾ ಹೋದರು. ಅಲ್ಲಿದ್ದವುಗಳಲ್ಲಿ ಎಷ್ಟೋ ಚಿತ್ರಗಳು ತಮ್ಮವಲ್ಲ, ನಕಲಿ ಎಂದು ಅವರೇ ಗುರುತಿಸಿದರು. 87ರ ಹತ್ತಿರದ ವಯಸ್ಸಿನಲ್ಲಿ ಆ ನೋವು ಉಂಡರು. ಆಕಾರ ಕದಿಯುವುದು ಸುಲಭ. ಯಾವ ಕಪ್ಪಿನ ಪಕ್ಕ ಯಾವ ಕೆಂಪು ಎಂಬ ಲೆಕ್ಕ ಕದಿಯುವುದು ಕಷ್ಟ. ಹಾಗಂತ ಅವರ ಎಲ್ಲ ಬಿಂದುಗಳೂ ಒಂದೇ ತೂಕದವಲ್ಲ. ಕೊನೆಕೊನೆಯ ಕೆಲವು ಚಿತ್ರ ನೋಡಿದರೆ ಹಳೆಯದನ್ನೇ ತಿರುಗಿ ಬರೆದ ಹಾಗೆ ನನಗೆ ಅನಿಸುತ್ತದೆ. ಬೆಲೆಯ ಮಾತು ಕೊಳ್ಳುವ ಶ್ರೀಮಂತರಿಗೆ ಬಿಡೋಣ.

ಹೆಂಡತಿ 2002ರಲ್ಲಿ ತೀರಿಕೊಂಡರು. 60 ವರ್ಷ ಹೊರದೇಶದಲ್ಲಿದ್ದ ರಝಾ 2010ರ ಕೊನೆಗೆ ದೆಹಲಿಗೆ ಬಂದು ನೆಲೆಸಿದರು. ಇಲ್ಲೂ ಚಿತ್ರ ಬರೆದರು. 2016ರ ಜುಲೈ 23ರಂದು, 94ನೇ ವಯಸ್ಸಿನಲ್ಲಿ, ತೀರಿಕೊಂಡರು. ಅವರ ಆಸೆಯಂತೆ ಮಂಡಲಾದಲ್ಲಿ, ತಂದೆಯ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಮೇಲಿನ ಕಡೆ ಯಾವುದು ಅಂತ ಕೇಳಿದ್ದರಲ್ಲ ಆ ಅಮ್ಮ, ಅವರಿಗೆ ಉತ್ತರ ಕೊಡುವುದು ಉಳಿದಿತ್ತು. ರಝಾ ಎಷ್ಟೋ ಚಿತ್ರಗಳ ಹೆಸರು, ವರ್ಷ ಎಲ್ಲ ಬಟ್ಟೆಯ ಬೆನ್ನಿಗೆ ಬರೆಯುತ್ತಿದ್ದರು. ನನ್ನ ಪೇಪರ್ ತುಂಡಿನ ಬೆನ್ನಿಗೆ ಅದು ಎಲ್ಲಿ ಬರಬೇಕು? ರಟ್ಟು ಅವರ ಕೈಗೇ ಕೊಟ್ಟೆ. ಎರಡು ದಿನ ಮನೆಯಲ್ಲಿ ಇಟ್ಟುಕೊಂಡು, ಮೂರನೆಯ ದಿನ ತಂದು, ಕರಿ ಹಲಗೆಯ ಪಕ್ಕ ತಾವೇ ಮೊಳೆ ಹೊಡೆದರು. ಕೆಂಪು ಪಟ್ಟಿ ಕೆಳಗೆ ಬರುವ ಹಾಗೆ.