ಲೋಟಕ್ಕೆ ಕ್ಯಾನ್ ನೀರು, ಎಸರಿಗೆ ಬೋರ್ ನೀರು

ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಎರಡು ಬಗೆಯ ನೀರಿರುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು, ಬೈಕಿನ ಮೇಲೆ ತಂದ 20 ಲೀಟರಿನ ಕ್ಯಾನ್ ಒಂದು. ನಲ್ಲಿಯಲ್ಲಿ ಬರುವ ಬೋರ್ ನೀರು ಇನ್ನೊಂದು. ಕ್ಯಾನ್ ನೀರು ಕುಡಿಯುವುದಕ್ಕೆ ಮಾತ್ರ. ಅನ್ನ, ಬೇಳೆ, ಮುದ್ದೆಯ ಎಸರು, ಟೀ ಎಲ್ಲಕ್ಕೂ ಬೋರ್ ನೀರೇ. ಕೇಳಿದರೆ ಸಿಗುವ ಉತ್ತರ: "ಅದು ಕುದಿಯುತ್ತಲ್ಲ, ಕುದ್ದ ಮೇಲೆ ಇನ್ನೇನಿರುತ್ತೆ?"

ಇರುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ. ಬೋರ್ ನೀರಿನಲ್ಲಿ ಕರಗಿರುವ ಫ್ಲೋರೈಡ್ ಸಾಯುವುದಕ್ಕೆ ಅದೇನು ಜೀವವಲ್ಲ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಕುದಿಸಿ ಅರ್ಧಕ್ಕಿಳಿಸಿದರೆ, ಉಳಿದ ಅರ್ಧ ಲೀಟರಿನಲ್ಲಿ ಆ 3 ಮಿಲಿಗ್ರಾಂ ಹಾಗೇ ಕೂತಿರುತ್ತದೆ. ನೀರು ಗಟ್ಟಿಯಾಯಿತು, ಅಷ್ಟೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟದಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲವೆಂದರೆ 1.5ರವರೆಗೆ ಸಹಿಸಬಹುದು.

ನಮ್ಮ ಬಯಲುಸೀಮೆಗೆ ಈ ಪೀಡೆ ಬಂದದ್ದು ಬಂಡೆಯಿಂದ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ತುಂಬಿದ ಖನಿಜಗಳಿವೆ. ನೀರು ಬಂಡೆಯ ಬಿರುಕಿನಲ್ಲಿ ನಿಂತಷ್ಟು ಕಾಲವೂ ಅವನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರೊಂದಿಗೆ ಕೂಡಿ ತಳ ಸೇರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರ ಹೆಚ್ಚಿರುವ ನೀರಿನಲ್ಲಿ ಕರಗಿಯೇ ಉಳಿಯುತ್ತದೆ. ಕೆರೆ, ತೆರೆದ ಬಾವಿಗಳ ಕಾಲದಲ್ಲಿ ಊರು ಕುಡಿಯುತ್ತಿದ್ದದ್ದು ಬಹುಪಾಲು ಆಯಾ ವರ್ಷದ ಮಳೆಯನ್ನು. ಬಾವಿ ಬತ್ತಿ, ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ, ಎಷ್ಟೋ ಕಾಲದಿಂದ ಕಲ್ಲಿನೊಳಗೆ ನಿಂತಿದ್ದ ನೀರು ಮೇಲೆ ಬಂತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾಲಿಗೆಗೆ ಸಪ್ಪೆ ನೀರು, ಗಡುಸು ನೀರು ಗೊತ್ತಾಗುತ್ತದೆ, ಫ್ಲೋರೈಡ್ ಗೊತ್ತಾಗುವುದಿಲ್ಲ.

ಗೊತ್ತಾಗದೆ ಸತಾಯಿಸಿದ್ದು ನಮ್ಮನ್ನಷ್ಟೇ ಅಲ್ಲ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿ ಹುಟ್ಟಿ ಬೆಳೆದವರ ಕಂದು ಹಲ್ಲು ನೋಡಿ ಅಚ್ಚರಿಪಟ್ಟ. ಕಾರಣ ನೀರಿನ ಫ್ಲೋರೈಡ್ ಎಂದು ತಿಳಿದದ್ದು 1931ರಲ್ಲಿ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ನೀರನ್ನು ಪರೀಕ್ಷಿಸಿದಾಗ. ಮೂವತ್ತು ವರ್ಷ! 1937ರ ಹೊತ್ತಿಗೆ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಹಲ್ಲಿನ ಜೊತೆ ಮೂಳೆ, ಬೆನ್ನುಗಳನ್ನೂ ಹಿಡಿದ ಈ ಫ್ಲೋರೈಡ್ ರೋಗ, ಫ್ಲೋರೋಸಿಸ್, ದಾಖಲಾಯಿತು.

ಹಲ್ಲಿನ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಕಾಲದ ಲೆಕ್ಕ. ಆರೇಳು ವರ್ಷಕ್ಕೆ ಮೂಡುವ ಮುಂದಿನ ಹಲ್ಲಿನ ಎನಾಮಲ್, ಮಗುವಿಗೆ ಮೂರು ನಾಲ್ಕು ತಿಂಗಳಾದಾಗಿನಿಂದಲೇ ದವಡೆಯೊಳಗೆ ಕಟ್ಟಿಕೊಳ್ಳತೊಡಗುತ್ತದೆ. ಮೊದಲು ಪ್ರೋಟೀನಿನ ಹಂದರ. ಆಮೇಲೆ ಪ್ರೋಟೀನ್ ಜಾಗ ಬಿಡಬೇಕು, ಖನಿಜ ತುಂಬಬೇಕು. ಫ್ಲೋರೈಡ್ ಮಿತಿಮೀರಿದರೆ ಈ ಜಾಗ ಬಿಡುವ ಕೆಲಸ ತಡವಾಗಿ, ಒಳಗೆ ಸಣ್ಣ ರಂಧ್ರಗಳು ಉಳಿಯುತ್ತವೆ. ಹಲ್ಲು ಹೊರಬಂದಾಗ ಸೀಮೆಸುಣ್ಣದಂಥ ಬಿಳಿ ಗೆರೆ. ಬರಬರುತ್ತಾ ಆ ರಂಧ್ರಗಳು ಬಣ್ಣ ಹೀರಿ ಹಳದಿ, ಕಂದು. ಅಂದರೆ ಎರಡನೇ ಕ್ಲಾಸಿನ ಹುಡುಗಿಯ ಹಲ್ಲಿನ ಕಲೆ, ಅವಳು ಅಂಗನವಾಡಿಗೆ ಹೋಗುವ ಮುಂಚೆ ಕುಡಿದ ನೀರಿನದು. ಎಂಟು ವರ್ಷ ದಾಟಿದ ಮೇಲೆ ಹೊಸ ಕಲೆಯ ಭಯ ಹೆಚ್ಚುಕಡಿಮೆ ಮುಗಿಯುತ್ತದೆ. ಮೂಳೆಯ ಭಯ ಮುಗಿಯುವುದಿಲ್ಲ.

ಪಾಪ, ಇದು ತಿಳಿಯದೆ "ಸರಿಯಾಗಿ ಹಲ್ಲುಜ್ಜಲ್ಲ" ಎಂದು ಮಕ್ಕಳನ್ನು ಬೈಯುವುದುಂಟು. ಇಟ್ಟಿಗೆಪುಡಿ, ಇದ್ದಿಲು ಹಾಕಿ ತಿಕ್ಕುವವರೂ ಇದ್ದಾರೆ. ಕಲೆ ಮೇಲೆ ಅಂಟಿದ್ದಲ್ಲ, ತಿಕ್ಕಿದರೆ ಎನಾಮಲ್ಲೇ ಸವೆಯುತ್ತದೆ. ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಥರ ಗೆರೆಯಿದ್ದರೆ ಫ್ಲೋರೋಸಿಸ್ ಇರಬಹುದೆಂದು ಶಂಕಿಸಬೇಕು. ಆಗಿಹೋದ ಕಲೆಗೆ ಎನಾಮಲ್ಲಿನ ಮೇಲ್ಪದರವನ್ನು ನವಿರಾಗಿ ತೆಗೆಯುವುದು, ಬ್ಲೀಚಿಂಗ್, ಹಲ್ಲಿನ ಬಣ್ಣದ ಲೇಪ, ತೀರಾ ಹೆಚ್ಚಿದ್ದರೆ ಕ್ಯಾಪ್ ಇವೆ. ಎಲ್ಲಕ್ಕೂ ದುಡ್ಡು ಬೇಕು, ಊರು ಬಿಟ್ಟು ಹೋಗಬೇಕು.

ಹಾಗಾಗಿ ಕಾಯಬೇಕಾದ್ದು ಎಳೆಯ ಮಕ್ಕಳ ಹೊಟ್ಟೆಗೆ ಹೋಗುವ ನೀರನ್ನು. ತಾಯಿ ಬೋರ್ ನೀರನ್ನೇ ಕುಡಿದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ತೀರಾ ಅಲ್ಪ. ಅದೇ ನೀರಿನಲ್ಲಿ ಕಲಸಿದ ಹಾಲಿನ ಪುಡಿ, ರಾಗಿ ಸರಿ ಹಾಗಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರಗಳಿಂದ ಪ್ರಯೋಜನವಿಲ್ಲ. ಆರ್‌ಒ ಫ್ಲೋರೈಡನ್ನು ತಡೆಯುತ್ತದೆ, ಆದರೆ ಅದರ ಪೊರೆ ಹಳತಾಗಿ ಬದಲಾಯಿಸದಿದ್ದರೆ ನಾಣ್ಯ ಹಾಕಿದವರಿಗೆ ಅದು ತಿಳಿಯುವುದೇ ಇಲ್ಲ. 1970ರ ದಶಕದಲ್ಲಿ ನೀರಿ (NEERI) ಎಂಬ ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಹಾಕಿ ಕದಡಿ ತಿಳಿಯಾಗಲು ಬಿಡುತ್ತಾರೆ. ಅಳತೆ ತಪ್ಪಿದರೆ ಕೆಲಸ ಕೆಟ್ಟಿತು. ತುಂಗಭದ್ರೆಯ ಹಿನ್ನೀರನ್ನು ಪಾವಗಡದತ್ತ ತರುವ ಯೋಜನೆಯಂಥವು ದೊಡ್ಡ ಉತ್ತರವೇ, ಆದರೆ ಮಗುವಿನ ಹಲ್ಲು ಕಾಮಗಾರಿಗೆ ಕಾಯುವುದಿಲ್ಲ.

ನನಗೆ ಹೆಚ್ಚು ನಂಬಿಕೆ ಮಾಳಿಗೆಯ ಮೇಲೆ ಬೀಳುವ ಮಳೆಯಲ್ಲಿ. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 50 ಚದರ ಮೀಟರ್ ಮಾಳಿಗೆ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದುಕೊಳ್ಳಿ: 25,000 ಲೀಟರ್. ಐದನೇ ಒಂದು ಭಾಗ ಸೋರಿಹೋದರೂ 20,000 ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಬೇಯಿಸಲು ದಿನಕ್ಕೆ 35 ಲೀಟರಿನಂತೆ ವರ್ಷವಿಡೀ ಬಳಸಿದರೂ 13,000 ಮುಟ್ಟುವುದಿಲ್ಲ. ಮೊದಲ ಮಳೆಯನ್ನು ಹೊರಬಿಟ್ಟು, ಸೋಸಿ, ಬಿಸಿಲು ಬೀಳದ ಸಂಪಿನಲ್ಲಿ ಹಿಡಿದಿಡಬೇಕು. ಕುಡಿಯುವಾಗ ಕುದಿಸಬೇಕು, ಇಲ್ಲಿ ಕುದಿಸುವುದಕ್ಕೆ ಅರ್ಥವಿದೆ. ಸಂಪು ಕಟ್ಟಲು ಆಗುವ ಖರ್ಚು ಮಾತ್ರ ಸಣ್ಣದಲ್ಲ.

ಸಂಪು ಕಟ್ಟುವವರೆಗೆ ನೀರನ್ನು ಪರೀಕ್ಷಿಸಬಹುದು. ಜಲಜೀವನ ಮಿಷನ್ ಅಡಿ ಹಳ್ಳಿಗೆ ಐವರಂತೆ ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ ಬಳಸಲು ಹೇಳಿಕೊಡುವ ಏರ್ಪಾಡಿದೆ. ಫ್ಲೋರೈಡ್ ಪರೀಕ್ಷೆಯ ದ್ರವಗಳಲ್ಲಿ ಗುಲಾಬಿಯಿಂದ ಹಳದಿಗೆ ತಿರುಗುವ ಬಗೆಯೊಂದಿದೆ: ನೀರಿಗೆ ನಾಲ್ಕು ಹನಿ ಬಿದ್ದು ಬಣ್ಣ ಹಳದಿಯತ್ತ ಜಾರಿದಷ್ಟೂ ಫ್ಲೋರೈಡ್ ಹೆಚ್ಚು. ಹಾಗೆ ಜಾರಿದ ದಿನ, ಅಂಗನವಾಡಿಯ ಕುಕ್ಕರಿಗೂ ಕ್ಯಾನ್ ನೀರನ್ನೇ ಸುರಿಯಬೇಕಾಗುತ್ತದೆ.