ಮರದ ಆಯುಸ್ಸೂ ಸಸ್ಯರಸಗಳೂ

ಹಳೆಯ ಮನೆಗಳಲ್ಲಿ ತೇಗದ ಕಂಬವು ತಲೆಮಾರುಗಳ ಕಾಲ ಗಟ್ಟಿಯಾಗಿ ನಿಂತಿರುವುದನ್ನೂ, ಅದರ ಪಕ್ಕದಲ್ಲಿಯೇ ಮಳೆನೀರು ತಾಕುವೆಡೆಯ ಮಾವಿನ ಹಲಗೆಯು ಕೆಲವೇ ವರ್ಷಗಳಲ್ಲಿ ಕುಂಬಾಗುವುದನ್ನೂ ನಾವು ಕಾಣುತ್ತೇವೆ. ಈ ಭೇದಕ್ಕೆ ಕಾರಣವೇನು?

ಮರವನ್ನು ಕೊಳೆಯಿಸುವುದು ನೀರಲ್ಲ. ನೀರಿನ ಆಶ್ರಯದಲ್ಲಿ ಬೆಳೆಯುವ ಶಿಲೀಂಧ್ರ. ಇವುಗಳಲ್ಲಿ ಕೆಲವು ಸೆಲ್ಯುಲೋಸನ್ನು ಒಡೆದು ಮರವನ್ನು ಕಂದುಬಣ್ಣದ ಚೌಕ ತುಂಡುಗಳಾಗಿ ಬಿರಿಯಿಸುತ್ತವೆ. ಮತ್ತೆ ಕೆಲವು ಲಿಗ್ನಿನನ್ನೂ ತಿಂದು, ಅದನ್ನು ಬೆಳ್ಳಗಿನ ನಾರಾಗಿಸುತ್ತವೆ. ಮರದ ತೇವವು ಶೇಕಡಾ 20ಕ್ಕಿಂತ ಕಡಿಮೆಯಿದ್ದಲ್ಲಿ ಇವು ಬೆಳೆಯಲಾರವು.

ತೇಗದ ಚೇಗಿನಲ್ಲಿ ಮರವೇ ಸಂಚಯಿಸಿಕೊಂಡ ಕ್ವಿನೋನ್ ವರ್ಗದ ದ್ರವ್ಯಗಳಿವೆ. ಅವೇ ಅದರ ಕವಚ. ಹೊರಗಣ ಬಿಳಿಯ ಭಾಗದಲ್ಲಿ ಅವು ಅತ್ಯಲ್ಪವಾದುದರಿಂದ ತೇಗವೂ ಅಲ್ಲಿ ಬೇಗನೆ ಕೊಳೆಯುತ್ತದೆ. ಹಾಗಾದರೆ ಒಂದು ಸಸ್ಯದ ಕವಚವನ್ನು ಇನ್ನೊಂದಕ್ಕೆ ತೊಡಿಸಬಹುದೇ?

ಈ ಪ್ರಶ್ನೆಗೆ ಮಹತ್ವ ಬಂದುದು ರಾಸಾಯನಿಕಗಳ ಭೀತಿಯಿಂದ. 1933ರಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು ರೂಪಿಸಿದ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಮಿಶ್ರಣವು ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಆದರೆ ಆರ್ಸೆನಿಕ್ ವಿಷ. ಅಮೆರಿಕದಲ್ಲಿ 2004ರಿಂದ ವಾಸಗೃಹಗಳ ಹೆಚ್ಚಿನ ಉಪಯೋಗಗಳಿಂದ ಅದು ಹಿಂದೆ ಸರಿಯಿತು.

ಪರ್ಯಾಯವು ನಮ್ಮ ಕರಾವಳಿಯವರಿಗೆ ಹೊಸದಲ್ಲ. ದೋಣಿಗಳಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಮೊದಲಾದ ಫೀನಾಲಿನ ಜಾತಿಯ ದ್ರವ್ಯಗಳಿವೆ. ಅದು ಚರ್ಮವನ್ನೂ ಸುಡುವಷ್ಟು ತೀಕ್ಷ್ಣ. ಬೇವಿನ ರಸವೂ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಶಿಲೀಂಧ್ರವನ್ನು ತಡೆಯುತ್ತದೆ.

ಆದರೆ ತಟ್ಟೆಯ ಜಯವು ಕಂಬದ ಜಯವಲ್ಲ. ಕಾಮೇಶಂ ಅವರ ಮಿಶ್ರಣದಲ್ಲಿ ಕ್ರೋಮಿಯಂ ಉಳಿದೆರಡನ್ನು ಮರದ ನಾರಿಗೆ ಬಂಧಿಸುತ್ತಿತ್ತು; ಸಸ್ಯರಸಗಳಿಗೆ ಅಂಥ ಬಂಧನವಿಲ್ಲ. ಮಳೆಯು ಅವನ್ನು ತೊಳೆದೊಯ್ಯುತ್ತದೆ, ಬಿಸಿಲು ಕೆಡಿಸುತ್ತದೆ. ಆದುದರಿಂದಲೇ ಲೇಪಿತ ತುಂಡುಗಳನ್ನು ಹಲವು ದಿನ ನೀರಿನಲ್ಲಿ ನೆನೆಯಿಸಿ, ಅನಂತರ ಶಿಲೀಂಧ್ರಕ್ಕೊಡ್ಡಿ, ಎಷ್ಟು ತೂಕ ಕಳೆಯಿತೆಂದು ನೋಡಿದ ಪರೀಕ್ಷೆಯೇ ನಂಬತಕ್ಕದ್ದು.

ಗೃಹಸ್ಥನಿಗೆ ಇದರಿಂದ ದೊರೆಯುವ ಪಾಠ ಸರಳ. ಚೆನ್ನಾಗಿ ಒಣಗಿದ ಮರವನ್ನು ಆರಿಸಬೇಕು. ನೀರು ನಿಲ್ಲದಂತೆ ಜೋಡಿಸಬೇಕು. ನೀರನ್ನು ಅತಿಯಾಗಿ ಹೀರುವ ಕೊಯ್ದ ತುದಿಗಳಿಗೆ ಎಣ್ಣೆಯನ್ನು ಪ್ರತಿವರ್ಷವೂ ಮಳೆಗಾಲಕ್ಕೆ ಮುನ್ನ ಬಳಿಯಬೇಕು. ನೆಲದಲ್ಲಿ ಹೂಳುವ ಕಂಬಕ್ಕೆ ಮಾತ್ರ ಬರಿಯ ಲೇಪವನ್ನು ನೆಚ್ಚಬಾರದು. ಸಸ್ಯರಸವು ಒಣಮರಕ್ಕೆ ಒಳ್ಳೆಯ ಕಾವಲುಗಾರ. ನೆನೆದ ಮರವನ್ನು ಉಳಿಸುವ ಸಂಜೀವಿನಿಯಲ್ಲ.